ಗ್ರಂಥಕರ್ತ ಖಾಯಂ ಆದ ಬಗೆ

ನನ್ನ ಷಡ್ಡಕನನ್ನು ಮನೆಯವರೆಲ್ಲ ಗ್ರಂಥಕರ್ತ ಎಂದು ಕರೆಯುತ್ತಾರೆ. ಈ ಬಿರುದನ್ನು ಅವನಿಗೆ ಯಾರೂ ಕೊಡಲಿಲ್ಲ, ಅವನೇ ತೆಗೆದುಕೊಂಡ. ಹೊಸ ಕೆಲಸಕ್ಕೆ ಸೇರಿದ ದಿನ ಸಂಜೆ ಮಾವನವರು, "ಅಲ್ಲಿ ನಿಮ್ಮ ಕೆಲಸ ಏನು?" ಎಂದು ಕೇಳಿದರು. ಕೇಳುವ ಹಕ್ಕು ಅವರಿಗಿತ್ತು. ಗ್ರಂಥಕರ್ತ ಹೆಂಡತಿಯೊಂದಿಗೆ ಅವರ ಮನೆಯ ಹಿಂದಿನ ಕೋಣೆಯಲ್ಲೇ ನಾಲ್ಕು ವರ್ಷದಿಂದ ಇದ್ದ. "ಕಂಪನಿಯ ಸಾಫ್ಟ್‌ವೇರಿಗೆ ಕೈಪಿಡಿ ಬರೆಯೋದು" ಎಂದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಅವನು ಕುರ್ಚಿಗೆ ಒರಗಿ, ಕಾಲ ಮೇಲೆ ಕಾಲು ಹಾಕಿ, "ಒಂದು ಪುಸ್ತಕ ಬರೀತಿದೀನಿ ಮಾವ" ಎಂದ. ಮಾವನವರು ಮೂವತ್ತೊಂದು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿ ನಿವೃತ್ತರಾದವರು. ಪುಸ್ತಕ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಎದ್ದುಹೋಗಿ ಕೆಂಪು ಪೆನ್ಸಿಲ್ ಚೂಪು ಮಾಡಲು ಕುಳಿತರು.

ನಾನು ಲಿಫ್ಟ್ ರಿಪೇರಿಯವನು. ನೆಂಟರು ಬಂದಾಗ ಮಾವನವರು ನನ್ನ ವಿಷಯವನ್ನು, "ದೊಡ್ಡಳಿಯಂದ್ರು ಮೇಲೆ ಕೆಳಗೆ ಓಡಾಡ್ಕೊಂಡಿದಾರೆ" ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದರು. ಚಿಕ್ಕಳಿಯನ ಪುಸ್ತಕದ ವಿಷಯ ಮಾತ್ರ ಅರ್ಧ ಗಂಟೆ ನಡೆಯುತ್ತಿತ್ತು. ಇದರಿಂದ ನನಗೆ ಹೊಟ್ಟೆ ಉರಿಯಿತು ಎಂದು ನನ್ನ ಹೆಂಡತಿ ಹೇಳುತ್ತಾಳೆ. ಉರಿದದ್ದು ನಿಜ. ಮುಂದೆ ನಡೆದದ್ದನ್ನು ಕಣ್ಣಾರೆ ನೋಡಿದ ಮೇಲೆ ಆ ಉರಿ ಆರಿಹೋಯಿತು. ಈಗ ಉಳಿದಿರುವುದು ಬರೀ ಸಂಕಟ.

ಪಕ್ಕದ ಮನೆಯ ಔಷಧಿ ಅಂಗಡಿಯವರು ಒಂದು ದಿನ ಗೇಟಿನ ಹತ್ತಿರ ಅವನನ್ನು ಹಿಡಿದು ನಿಲ್ಲಿಸಿದರು.

"ಪುಸ್ತಕ ಬರೀತಿದೀರಂತೆ. ಕತೆ ಏನು?"

"ಸಾಲುಗಳದ್ದು. ಒಂದು ಸಾಲಿನೊಳಗೆ ಇನ್ನಷ್ಟು ಸಾಲು, ಅದರೊಳಗೆ ಇನ್ನೂ ಅಷ್ಟು."

"ಕೊನೆಗೆ ಏನಾಗುತ್ತೆ?"

"ಕೊನೆ ಅಂತ ಇಲ್ಲ. ತೆರೀತಾ ಹೋಗಬಹುದು."

"ಸಂಸಾರದ ಕತೆ ಅನ್ನಿ" ಎಂದು ಔಷಧಿ ಅಂಗಡಿಯವರು ನಿಟ್ಟುಸಿರು ಬಿಟ್ಟು ಒಳಗೆ ಹೋದರು. ಅಂದಿನಿಂದ ಬೀದಿಯವರೂ ಅವನನ್ನು ‘ಗ್ರಂಥಕರ್ತರೇ’ ಎಂದು ಕರೆಯತೊಡಗಿದರು.

ಇನ್ನು ಅವನ ಕೆಲಸ. ಅವನ ಕಂಪನಿ ತಯಾರಿಸುವುದು ಕಂಪ್ಯೂಟರ್ ತೆರೆಯ ಮೇಲೆ ಕಾಣುವ ಸಾಮಾನು: ಗುಂಡಿ, ಪೆಟ್ಟಿಗೆ, ಪಟ್ಟಿ ಇತ್ಯಾದಿ. ಇವನ್ನೆಲ್ಲ ಒಟ್ಟು ಕಟ್ಟಿ ಟೂಲ್‌ಕಿಟ್ ಎಂದು ಮಾರುತ್ತಾರೆ. ಕೊಂಡವರು ಅದನ್ನು ಬಳಸಿ ತಮ್ಮ ತಮ್ಮ ಪ್ರೋಗ್ರಾಂ ಕಟ್ಟಿಕೊಳ್ಳುತ್ತಾರೆ. ಅದರಲ್ಲೊಂದು ವಿಶೇಷವಾದ ಪಟ್ಟಿ ಇದೆ. ಪಕ್ಕದ ಪುಟ್ಟ ಬಾಣ ಒತ್ತಿದರೆ ಒಂದು ಸಾಲಿನ ಒಳಗಿಂದ ಹಲವು ಸಾಲು ತೆರೆದುಕೊಳ್ಳುತ್ತವೆ. ಬೀರುವಿನೊಳಗೆ ಡ್ರಾಯರು, ಡ್ರಾಯರಿನೊಳಗೆ ಡಬ್ಬಿ ಇದ್ದ ಹಾಗೆ. ಇದನ್ನು ತೆರೆಯ ಮೇಲೆ ಬಿಡಿಸುವುದು ಟೂಲ್‌ಕಿಟ್. ಆದರೆ ಯಾವ ಡ್ರಾಯರಿನಲ್ಲಿ ಏನಿದೆ ಎಂದು ಅದಕ್ಕೇನು ಗೊತ್ತು? ಅದು ಗೊತ್ತಿರುವುದು ಕೊಂಡವರಿಗೆ. ಆದ್ದರಿಂದ ಟೂಲ್‌ಕಿಟ್ ಅವರ ಪ್ರೋಗ್ರಾಮನ್ನು ಹನ್ನೊಂದು ಪ್ರಶ್ನೆ ಕೇಳುತ್ತದೆ. ಈ ಸಾಲಿನ ಒಳಗೆ ಎಷ್ಟು ಸಾಲಿವೆ? ಮೂರನೆಯದು ಯಾವುದು? ಇದು ಯಾವುದರ ಒಳಗಿನದು? ಇದರ ಮೇಲೆ ಏನೆಂದು ಬರೆಯಲಿ? ಕೊಂಡವರ ಪ್ರೋಗ್ರಾಂ ಒಂದೊಂದಕ್ಕೂ ಉತ್ತರ ಕೊಡುತ್ತ ಹೋಗಬೇಕು. ಈ ಹನ್ನೊಂದು ಪ್ರಶ್ನೆಗಳ ಕಟ್ಟಿಗೆ ಟ್ರೀ ಮಾಡೆಲ್ ಇಂಟರ್‌ಫೇಸ್ ಎಂದು ಹೆಸರು. ಅದಕ್ಕೆ ಕೈಪಿಡಿ ಬರೆಯುವುದೇ ನಮ್ಮವನ ಕೆಲಸ.

ಲಿಫ್ಟ್ ರಿಪೇರಿಯವನಾದ ನನಗೆ ಇದು ಅರ್ಥವಾಗಿದೆ. ಓದುತ್ತಿರುವ ನಿಮಗೂ ಆಗಿರಬೇಕು. ಅರ್ಥವಾಗದೆ ಉಳಿದವನು ಒಬ್ಬನೇ, ಅದರ ಮೇಲೆ ಪುಸ್ತಕ ಬರೆಯುತ್ತಿದ್ದವನು. ಅವನು ತಿಳಿದುಕೊಂಡದ್ದು ಪೂರಾ ತಿರುಗುಮುರುಗು: ಕೇಳುವವರು ಕೊಂಡವರು, ಉತ್ತರ ಹೇಳುವುದು ಟೂಲ್‌ಕಿಟ್.

ಎಡವಟ್ಟಾದದ್ದು ಮೊದಲ ದಿನವೇ. ಆ ಭಾಗವನ್ನು ಕಟ್ಟಿದ ಪ್ರೋಗ್ರಾಮರನನ್ನು ಆಫೀಸಿನಲ್ಲಿ ಮೌನಿ ಎನ್ನುತ್ತಿದ್ದರು. ದಿನಕ್ಕೆ ಹತ್ತು ಮಾತಿಗಿಂತ ಹೆಚ್ಚು ಆಡಿದವನಲ್ಲ. ಅವನು ಬೋರ್ಡಿನ ಮೇಲೆ ಎರಡು ಚೌಕ ಬರೆದು, ನಡುವೆ ಒಂದು ಬಾಣ ಎಳೆದು, ನಾಲ್ಕು ನಿಮಿಷ ಸುಮ್ಮನೆ ನಿಂತು, "ಗೊತ್ತಾಯ್ತಾ?" ಎಂದ. ನಮ್ಮವನು ತಲೆಯಾಡಿಸಿದ. ಬಾಣದ ಮೊನೆ ಯಾವ ಕಡೆಗಿದೆ ಎಂದು ನೋಡಿಕೊಳ್ಳುವಷ್ಟರಲ್ಲಿ ಯಾರೋ ಬಂದು ಬೋರ್ಡ್ ಒರೆಸಿದರು. ಮೊದಲ ದಿನ ತಲೆಯಾಡಿಸಿದವನಿಗೆ ಎರಡನೆಯ ದಿನ ಕೇಳಲು ನಾಚಿಕೆ, ಎರಡನೆಯ ತಿಂಗಳು ಕೇಳಲು ಭಯ. ಆರನೆಯ ತಿಂಗಳು ಕೇಳಿದರೆ ಇಷ್ಟು ದಿನ ಏನು ಮಾಡುತ್ತಿದ್ದೆ ಎಂದು ಅವರೇ ತಿರುಗಿ ಕೇಳುತ್ತಾರೆ. ಹೀಗಾಗಿ ಅವನು ಯಾರನ್ನೂ ಕೇಳಲಿಲ್ಲ, ಬರೆಯುತ್ತ ಹೋದ.

ಕೆಲಸ ಕಳೆದುಕೊಳ್ಳುವ ಹಾಗಿರಲಿಲ್ಲ. ಅವನನ್ನು ತೆಗೆದುಕೊಂಡದ್ದು ಒಂದು ವರ್ಷದ ಪರೀಕ್ಷೆಯ ಮೇಲೆ. ಕೈಪಿಡಿ ಚೆನ್ನಾಗಿದೆ ಎನಿಸಿದರೆ ಖಾಯಂ, ಇಲ್ಲವಾದರೆ ಮನೆಗೆ. ಮನೆಗೆ ಎಂದರೆ ಮಾವನ ಮನೆಗೆ. ಅಲ್ಲಿ ಹಿಂದಿನ ಕೋಣೆಯಲ್ಲಿ ಗಂಡ ಹೆಂಡತಿ ಪಿಸುಗುಟ್ಟಿದರೂ ಮುಂದಿನ ಕೋಣೆಯಿಂದ ಮಾವನವರು, "ಏನಂದ್ರಿ?" ಎನ್ನುತ್ತಿದ್ದರು. ಎರಡು ಬೀದಿ ಆಚೆ ಟೈಲರಮ್ಮನ ಮಹಡಿಯ ಮೇಲೆ ಎರಡು ಕೋಣೆ ಬಾಡಿಗೆಗೆ ಖಾಲಿ ಇದ್ದವು. ಅವನ ಹೆಂಡತಿ, ಅಂದರೆ ನನ್ನ ನಾದಿನಿ, ಹೋಗಿ ನೋಡಿಬಂದಳು. ಟೈಲರಮ್ಮ ಅವಳಿಗೆ, "ಹಿಂದೆ ಇದ್ದೋರು ಕೆಲಸ ಹೋಯ್ತು ಅಂತ ಮೂರೇ ತಿಂಗಳಿಗೆ ಹೊರಟ್ರು. ಅದಕ್ಕೂ ಹಿಂದಿನೋರು ಇನ್ನೂ ಒಳ್ಳೆ ಕೆಲಸ ಸಿಕ್ತು ಅಂತ ಹೊರಟ್ರು. ನನಗೆ ಒಂದೇ ಕಡೆ ಕೂತಿರೋರು ಬೇಕಮ್ಮ. ಖಾಯಂ ಆದ ಕಾಗದ ತೋರಿಸು, ಬೀಗದ ಕೈ ತಗೊಂಡು ಹೋಗು" ಎಂದಳಂತೆ. ನಾದಿನಿ ಆಗಲೇ ಪರದೆಗೆಂದು ಕಿಟಕಿಗಳ ಅಳತೆ ತೆಗೆದುಕೊಂಡು ಬಂದಿದ್ದಳು. ಆ ಚೀಟಿಯನ್ನು ಪರ್ಸಿನಲ್ಲಿ ಇಟ್ಟುಕೊಂಡು ದಿನಕ್ಕೊಮ್ಮೆ ತೆಗೆದು ನೋಡುತ್ತಿದ್ದಳು.

ಹತ್ತನೆಯ ತಿಂಗಳಿಗೆ ಪುಸ್ತಕ ನೂರ ನಲವತ್ತಮೂರು ಪುಟ ಆಯಿತು. ಒಂದು ಭಾನುವಾರ ಬೆಳಿಗ್ಗೆ ಮಾವನವರು ಕೈ ಚಾಚಿದರು. ಕೊಡದೆ ವಿಧಿಯಿರಲಿಲ್ಲ. ನಾನೂ ಅಲ್ಲೇ ಪೇಪರ್ ಓದುತ್ತ ಕುಳಿತಿದ್ದೆ. ಅವರು ಪುಟ ತಿರುವಲು ಶುರುಮಾಡಿದ ಮೇಲೆ ನಾನು ಪೇಪರಿನ ಒಂದಕ್ಷರವನ್ನೂ ಓದಲಿಲ್ಲ.

"ಇಲ್ಲಿ ಬರೆದಿದೀರಿ. ‘ಒಳಗಿನ ಸಾಲುಗಳ ಸಂಖ್ಯೆ: ಇದು ಒಳಗಿನ ಸಾಲುಗಳ ಸಂಖ್ಯೆಯನ್ನು ಕೊಡುತ್ತದೆ.’ ಸರಿ. ಯಾರು ಯಾರಿಗೆ ಕೊಡ್ತಾರೆ?"

"ಅದು ಟೆಕ್ನಿಕಲ್ ವಿಷಯ ಮಾವ."

"ಕೊಡೋದು ತಗೊಳ್ಳೋದು ಟೆಕ್ನಿಕಲ್ಲಾ?"

"ಓದೋರಿಗೆ ಗೊತ್ತಿರುತ್ತೆ."

"ಗೊತ್ತಿದ್ರೆ ಯಾಕೆ ಓದ್ತಾರೆ? ಇರಲಿ. ಒಂಬತ್ತನೇ ಪುಟದಲ್ಲಿ ‘ಸೂಕ್ತ ಉತ್ತರ ದೊರೆಯುತ್ತದೆ’ ಅಂತಿದೆ. ಹತ್ತರಲ್ಲೂ ಅದೇ, ಹನ್ನೊಂದರಲ್ಲೂ ಅದೇ. ಎಣಿಸಿದೀನಿ, ಈ ಹನ್ನೊಂದು ಪುಟದಲ್ಲೇ ಐವತ್ತೆರಡು ಸಲ. ಸೂಕ್ತ ಅಂದ್ರೆ ಯಾವುದು?"

"ಆಯಾ ಸಂದರ್ಭಕ್ಕೆ ಯಾವುದು ಸೂಕ್ತವೋ ಅದು."

"ಎಲ್ಲಕ್ಕಿಂತ ಮೇಲಿನ ಸಾಲನ್ನ ಹಿಡ್ಕೊಂಡು, ಇದು ಯಾವುದರ ಒಳಗಿನದು ಅಂತ ಕೇಳಿದ್ರೆ? ಅದರ ಮೇಲೆ ಏನೂ ಇಲ್ವಲ್ಲ."

"ಆಗ ಸೂಕ್ತವಾಗಿ ಏನೂ ಬರಲ್ಲ."

ಮಾವನವರು ಪೆನ್ಸಿಲನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. "ನಾನು ಮೂರು ಸಲ ಟೆಲಿಫೋನ್ ಡೈರೆಕ್ಟರಿ ತಿದ್ದಿದೀನಿ. ಅದರಲ್ಲಿ ಕತೆ ಇರಲಿಲ್ಲ, ಒಪ್ತೀನಿ. ಆದ್ರೆ ಯಾರಿಗೆ ಯಾವ ನಂಬರು ಅಂತಾದ್ರೂ ಇರ್ತಿತ್ತು."

"ಅಪ್ಪಾ, ಅವರನ್ನ ಬರೆಯೋಕೆ ಬಿಡಿ" ಎಂದು ನಾದಿನಿ ಒಳಗಿನಿಂದಲೇ ಹೇಳಿದಳು. ಮಾವನವರು ಬಿಟ್ಟರು. ಅವರು ತಿರುವದೆ ಬಿಟ್ಟ ಹನ್ನೆರಡನೆಯ ಪುಟದಲ್ಲಿ ಗ್ರಂಥಕರ್ತ ದಪ್ಪ ಅಕ್ಷರದಲ್ಲಿ ಹೀಗೆ ಬರೆದಿದ್ದ: ‘ಹನ್ನೊಂದು ಉತ್ತರಗಳ ಜಾಗವನ್ನೂ ಖಾಲಿ ಬಿಡತಕ್ಕದ್ದು. ಟೂಲ್‌ಕಿಟ್ ತಾನಾಗಿಯೇ ತುಂಬಿಕೊಳ್ಳುತ್ತದೆ.’

ಆ ಆಫೀಸಿನಲ್ಲಿ ಒಂದು ಪದ್ಧತಿ ಇದೆ. ಯಾವ ಕೈಪಿಡಿಯೇ ಆಗಲಿ, ಹೊರಗೆ ಹೋಗುವ ಮುಂಚೆ ಮ್ಯಾನೇಜರು ಪ್ರತಿ ಪುಟದ ಕೆಳಗೂ ‘ಓದಿದೆ, ಸರಿಯಿದೆ’ ಎಂದು ಬರೆದು ಸಹಿ ಹಾಕಬೇಕು. ನೂರ ನಲವತ್ತಮೂರು ಪುಟಗಳನ್ನು ಅವರು ನಲವತ್ತು ನಿಮಿಷದಲ್ಲಿ ಮುಗಿಸಿದರು; ನಡುವೆ ಮೂರು ಫೋನ್ ಮಾತಾಡಿದರು, ಒಂದು ಕಾಫಿ ಕುಡಿದರು. ಮೌನಿಯ ಕೈಗೂ ಒಂದು ಪ್ರತಿ ಕೊಟ್ಟಿದ್ದರು. ಅವನು "ನಾನು ಕಟ್ಟಿದ್ದು ನನಗೆ ಗೊತ್ತು" ಎಂದು ವಾಪಸು ಕೊಟ್ಟ. ಪುಸ್ತಕ ಗಿರಾಕಿಗಳಿಗೆ ಹೋಯಿತು.

ಮೊದಲ ಫೋನ್ ಬಂದದ್ದು ಕೀಟಗಳ ಮ್ಯೂಸಿಯಮ್ಮಿನಿಂದ. ಅವರು ತಮ್ಮ ಸಂಗ್ರಹವನ್ನೆಲ್ಲ ವರ್ಗ, ಉಪವರ್ಗ, ಜಾತಿ ಎಂದು ಒಂದರೊಳಗೊಂದು ಜೋಡಿಸಿ ತೆರೆಯ ಮೇಲೆ ತೋರಿಸಬೇಕೆಂದು ಟೂಲ್‌ಕಿಟ್ ಕೊಂಡಿದ್ದರು. ಮಾತಾಡಿದವರು ಅಲ್ಲಿನ ಮುಖ್ಯ ಅಧಿಕಾರಿ, ಒಬ್ಬ ಹೆಂಗಸು. ಬಹಳ ತಾಳ್ಮೆಯವರು, ಸತ್ತ ಹುಳುಗಳೊಂದಿಗೆ ಇಪ್ಪತ್ತು ವರ್ಷ ಕಳೆದವರಿಗೆ ತಾಳ್ಮೆ ಇರಲೇಬೇಕು.

"ನಿಮ್ಮ ಪುಸ್ತಕದಲ್ಲಿ ಹೇಳಿದ ಹಾಗೇ ಹನ್ನೊಂದನ್ನೂ ಖಾಲಿ ಬಿಟ್ಟಿದೀವಿ. ತೆರೆ ಬೆಳ್ಳಗಿದೆ."

"ಸ್ವಲ್ಪ ಹೊತ್ತು ಕಾಯ್ತೀರಾ ಮೇಡಂ?"

"ಮಂಗಳವಾರದಿಂದ ಕಾಯ್ತಾ ಇದೀವಿ. ಇವತ್ತು ಶುಕ್ರವಾರ."

ಅಲ್ಲಿ ನಡೆಯುತ್ತಿದ್ದುದು ಇಷ್ಟು. ಟೂಲ್‌ಕಿಟ್ ವಿನಯದಿಂದ, ನಿಮ್ಮಲ್ಲಿ ಎಷ್ಟು ಕೀಟಗಳಿವೆ ಎಂದು ಕೇಳುತ್ತಿತ್ತು. ಉತ್ತರದ ಜಾಗ ಖಾಲಿ, ಖಾಲಿ ಎಂದರೆ ಸೊನ್ನೆ. ಹಾಗಾದರೆ ಸರಿ ಎಂದು ಅದು ಸೊನ್ನೆ ಕೀಟಗಳನ್ನು ಅಚ್ಚುಕಟ್ಟಾಗಿ ಬಿಡಿಸಿ ಸುಮ್ಮನಾಗುತ್ತಿತ್ತು. ಇತ್ತ ಮ್ಯೂಸಿಯಮ್ಮಿನವರು, ಅದೇ ಹೇಳಲಿ ಎಂದು ತೆರೆಯನ್ನು ನೋಡುತ್ತ ಕುಳಿತಿದ್ದರು. ನೀವು ಮೊದಲು, ನೀವು ಮೊದಲು ಎಂದು ಇಬ್ಬರು ಮರ್ಯಾದಸ್ಥರು ಬಾಗಿಲಲ್ಲೇ ನಿಂತ ಹಾಗಾಗಿತ್ತು.

ಗ್ರಂಥಕರ್ತ ಎರಡು ದಿನ ಯೋಚಿಸಿ ಒಂದು ಅನುಬಂಧ ಬರೆದು ಕಳಿಸಿದ: ‘ಉತ್ತರ ಬಾರದಿದ್ದಲ್ಲಿ ಮತ್ತೆ ಮತ್ತೆ ಕೇಳತಕ್ಕದ್ದು.’ ಮ್ಯೂಸಿಯಮ್ಮಿನವರು ಹೇಳಿದ ಮಾತು ಮೀರದ ಜನ. ಅವರ ಪ್ರೋಗ್ರಾಂ ಒಂದು ಸೆಕೆಂಡಿಗೆ ಹತ್ತು ಸಾವಿರ ಸಲ ಕೇಳತೊಡಗಿತು. ಕಂಪ್ಯೂಟರಿನ ಫ್ಯಾನು ಹಿಟ್ಟಿನ ಗಿರಣಿಯ ಸದ್ದು ಮಾಡಿತು.

"ಈಗ ತೆರೆ ಬೆಳ್ಳಗೂ ಇಲ್ಲ, ಕಪ್ಪಗಾಗಿದೆ" ಎಂದರು ಅಧಿಕಾರಿ, ಎರಡನೆಯ ಫೋನಿನಲ್ಲಿ. "ಕಂಪ್ಯೂಟರ್ ಮೇಲೆ ಕೈ ಇಡೋಕಾಗಲ್ಲ, ಸುಡುತ್ತೆ. ನಮ್ಮಲ್ಲಿ ನಲವತ್ತು ಸಾವಿರ ಜೀರುಂಡೆ ಇದಾವೆ. ಒಂದೂ ಕಾಣಿಸ್ತಿಲ್ಲ. ಮುಂದಿನ ಗುರುವಾರ ಉದ್ಘಾಟನೆ. ಸೋಮವಾರ ನಾನೇ ಅಲ್ಲಿಗೆ ಬರ್ತೀನಿ, ಪುಸ್ತಕ ಬರೆದೋರು ಇರಬೇಕು."

ಈ ಫೋನು ಇಟ್ಟ ಮೇಲೆ ಅವನು ವರ್ಷದಿಂದ ಮಾಡದ ಕೆಲಸ ಮಾಡಿದ. ಎದ್ದುಹೋಗಿ ಮೌನಿಯ ಮೇಜಿನ ಮುಂದೆ ನಿಂತು ಕೇಳಿದ.

"ಟೂಲ್‌ಕಿಟ್ಟನ್ನ ಎಷ್ಟು ಕೇಳಿದ್ರೂ ಉತ್ತರ ಕೊಡ್ತಿಲ್ಲ ಅಂತಾರೆ. ಯಾಕೆ?"

ಮೌನಿ ತಿರುಗಿದ. "ಅದು ಕೇಳುತ್ತೆ. ಕೊಂಡೋರು ಹೇಳಬೇಕು" ಎಂದು ಮತ್ತೆ ಆ ಕಡೆ ತಿರುಗಿಕೊಂಡ.

ಆ ಕಟ್ಟಡದ ಲಿಫ್ಟನ್ನು ತಿಂಗಳಿಗೊಮ್ಮೆ ನೋಡುವವನು ನಾನೇ. ಆ ದಿನ ನಾನು ಎಣ್ಣೆ ಹಾಕಿ ಕೆಳಗಿಳಿಯುವಾಗ ಗ್ರಂಥಕರ್ತ ಮೆಟ್ಟಿಲ ಮೇಲೆ ತಲೆಯ ಮೇಲೆ ಕೈಹೊತ್ತು ಕುಳಿತಿದ್ದ. ಪಕ್ಕದಲ್ಲಿ ಪುಸ್ತಕ. ವಿಷಯವನ್ನೆಲ್ಲ ಹೇಳಿ, "ಅಣ್ಣ, ನೂರ ನಲವತ್ತಮೂರು ಪುಟದಲ್ಲಿ ಒಂದಾದ್ರೂ ಸರಿಯಾಗಿರಬಾರದಾ?" ಎಂದ.

"ಪರಿವಿಡಿ ಇದೆಯಲ್ಲ" ಎಂದೆ.

"ಅದರಲ್ಲಿ ಪುಟಸಂಖ್ಯೆ ತಪ್ಪಿದೆ ಅಂತ ಮಾವ ಹೇಳಿದಾರೆ" ಎಂದು ಅತ್ತುಬಿಟ್ಟ. ಮೂವತ್ತೈದು ವರ್ಷದ ಗಂಡಸು ಆಫೀಸಿನ ಮೆಟ್ಟಿಲ ಮೇಲೆ ಅಳುವುದನ್ನು ನಾನು ಅದುವರೆಗೆ ನೋಡಿರಲಿಲ್ಲ. ನಗು ಬರಲಿಲ್ಲ. ನನಗೆ ನಾದಿನಿಯ ಪರ್ಸಿನಲ್ಲಿದ್ದ ಅಳತೆ ಚೀಟಿ ನೆನಪಾಯಿತು.

ಮರುದಿನ ಶನಿವಾರ ಅವನನ್ನು ಕೈಹಿಡಿದು ಮಾವನವರ ಮುಂದೆ ನಿಲ್ಲಿಸಿದೆ. ಅವರು ಗದರಲಿಲ್ಲ, ನಾನು ಆಗಲೇ ಹೇಳಿದ್ದೆ ಎನ್ನಲಿಲ್ಲ. "ತನ್ನಿ" ಎಂದು ಊಟದ ಮೇಜಿನ ಮೇಲಿದ್ದ ನೀರಿನ ಜಗ್ಗು ತೆಗೆಸಿ ಕುಳಿತರು. ನಾನು ಒಂದೊಂದೇ ವಾಕ್ಯ ಓದುವುದು, ಮಾವನವರು "ಕೇಳೋರು ಯಾರು?" ಎನ್ನುವುದು, ಗ್ರಂಥಕರ್ತ "ಟೂಲ್‌ಕಿಟ್" ಎನ್ನುವುದು, "ಹೇಳೋರು?" "ಕೊಂಡೋರು." ಹೀಗೆ ಎರಡು ದಿನ. ಸಂದೇಹ ಬಂದ ಕಡೆ ಮೌನಿಗೆ ಫೋನ್ ಮಾಡಿದೆವು. ಅವನು ಹೌದು ಅಥವಾ ಅಲ್ಲ ಎಂದು ಇಟ್ಟುಬಿಡುತ್ತಿದ್ದ. ಸೂಕ್ತ ಎಂಬ ಮಾತು ಬಂದಾಗಲೆಲ್ಲ ಮಾವನವರು ಪೆನ್ಸಿಲ್ ಒತ್ತಿ ಹಿಡಿದು ಹೊಡೆದುಹಾಕಿದರು. ನಿವೃತ್ತರಾದ ಮೇಲೆ ಅವರು ಅಷ್ಟು ಖುಷಿಯಾಗಿದ್ದನ್ನು ನಾನು ನೋಡಿಲ್ಲ. ಹಾರಿಹೋಗುವುದೆಲ್ಲ ಹಾರಿಹೋಗಿ ಕೊನೆಗೆ ಉಳಿದದ್ದು ಇಪ್ಪತ್ತಾರು ಪುಟ, ಅವರದೇ ಕೈಬರಹದಲ್ಲಿ.

ನಾದಿನಿ ಕಾಫಿ ತಂದಿಟ್ಟು, "ಎರಡನೇ ಸಂಪುಟಾನಾ?" ಎಂದು ಸಂತೋಷದಿಂದ ಕೇಳಿದಳು. ಮೂರು ಜನ ಗಂಡಸರಲ್ಲಿ ಒಬ್ಬರಿಗೂ ಅವಳ ಮುಖ ನೋಡುವ ಧೈರ್ಯ ಬರಲಿಲ್ಲ.

ಸೋಮವಾರ ಬೆಳಿಗ್ಗೆ ಅವನು ಆ ಇಪ್ಪತ್ತಾರು ಪುಟ ಹಿಡಿದುಕೊಂಡು ಮ್ಯಾನೇಜರ ಕೋಣೆಗೆ ಹೋದ. ಈ ಭಾಗವನ್ನು ಅವನು ನನಗೆ ಎಷ್ಟು ಸಲ ಹೇಳಿದ್ದಾನೆಂದರೆ ನನಗೆ ಬಾಯಿಪಾಠವಾಗಿದೆ.

"ಇದೇನು?"

"ಸರಿಯಾದ ಕೈಪಿಡಿ ಸಾರ್. ಮೊದಲಿನದು ತಪ್ಪು."

"ಮೊದಲಿನದರ ಮೇಲೆ ನನ್ನ ಸಹಿ ಇದೆ."

"ಹೌದು ಸಾರ್."

"ಎಷ್ಟು ಸಹಿ?"

"ನೂರ ನಲವತ್ತಮೂರು."

"ಅಂದ್ರೆ ನಾನು ನೂರ ನಲವತ್ತಮೂರು ಸಲ ತಪ್ಪನ್ನ ಓದಿ ಸರಿ ಅಂದೆ ಅಂತೀರಾ?"

"ಇಲ್ಲ ಸಾರ್. ನೀವು ಓದಿಲ್ಲ ಅಂತ..." ಎಂದು ಶುರುಮಾಡಿದವನು ಅದು ಇನ್ನೂ ಕೆಟ್ಟದ್ದೆಂದು ಹೊಳೆದು ನಿಲ್ಲಿಸಿದ.

ಮ್ಯಾನೇಜರು ಕನ್ನಡಕ ತೆಗೆದು ಒರೆಸಿದರು. "ನೋಡಿ, ಸಹಿ ಬಿದ್ದ ಪುಸ್ತಕ ತಪ್ಪಾಗೋಕೆ ಸಾಧ್ಯವಿಲ್ಲ. ಆಮೇಲೆ ಸಹಿಗೆ ಏನು ಬೆಲೆ? ಪುಸ್ತಕಕ್ಕೂ ಟೂಲ್‌ಕಿಟ್ಟಿಗೂ ತಾಳೆ ಆಗ್ತಿಲ್ಲ ಅಂದ್ರೆ ತಿದ್ದಬೇಕಾದ್ದು ಟೂಲ್‌ಕಿಟ್ಟನ್ನ. ಅದಕ್ಕೆ ಯಾರೂ ಸಹಿ ಹಾಕಿಲ್ಲ." ಗಂಟೆ ಒತ್ತಿ ಮೌನಿಯನ್ನು ಕರೆಸಿದರು. ಮೌನಿ ಬಂದು ಮೇಜಿನ ಮೇಲಿದ್ದ ಕೈಬರಹದ ಪುಟಗಳನ್ನು ತಿರುವುತ್ತ ನಿಂತ.

"ಇನ್ಮೇಲೆ ಗಿರಾಕಿಗಳು ಕೇಳ್ತಾರೆ, ನಿಮ್ಮ ಟೂಲ್‌ಕಿಟ್ ಹೇಳಬೇಕು. ತಿರುಗಿಸಿ."

"ಆಗಲ್ಲ."

"ಯಾಕಾಗಲ್ಲ?"

"ಅದಕ್ಕೆ ಗೊತ್ತಿಲ್ಲ."

"ಏನು ಗೊತ್ತಿಲ್ಲ?"

"ಜೀರುಂಡೆ."

"ಗೊತ್ತು ಮಾಡಿಸಿ. ಇಲ್ಲಾಂದ್ರೆ ನೀವ್ಯಾಕೆ ಇರೋದು?"

ಮೌನಿ ಆ ಪ್ರಶ್ನೆಯ ಬಗ್ಗೆ ಗಂಭೀರವಾಗಿ ಯೋಚಿಸಿದನಂತೆ. ತನ್ನ ಮೇಜಿಗೆ ಹೋಗಿ, ಕಾಫಿ ಕಪ್ಪನ್ನು ತೊಳೆದು ಒರೆಸಿ ಚೀಲಕ್ಕೆ ಹಾಕಿಕೊಂಡು, ರಾಜೀನಾಮೆಯ ಒಂದು ಸಾಲು ಬರೆದಿಟ್ಟು ಹೊರಟ. ಬಾಗಿಲಲ್ಲಿ ನಮ್ಮವನ ಎದುರು ನಿಂತು, "ಇಪ್ಪತ್ತಾರು ಪುಟ ಚೆನ್ನಾಗಿದೆ" ಎಂದ. ಆ ಪುಸ್ತಕದ ಬಗ್ಗೆ ತಿಳಿದವರು ಆಡಿದ ಒಳ್ಳೆಯ ಮಾತು ಅದೊಂದೇ. ಅದನ್ನು ಆಡಿದವನೂ ಹೋಗಿಬಿಟ್ಟ.

ರಿಸೆಪ್ಶನ್ನಿನಲ್ಲಿ ಮ್ಯೂಸಿಯಮ್ಮಿನ ಅಧಿಕಾರಿ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಕಾಯುತ್ತಿದ್ದರು. ಗ್ರಂಥಕರ್ತ ಮ್ಯಾನೇಜರ ಮೇಜಿನಿಂದ ಎತ್ತಿಕೊಂಡು ಬಂದಿದ್ದ ಕೈಬರಹದ ಪುಟಗಳನ್ನು ಸೀದಾ ಹೋಗಿ ಅವರ ಕೈಯಲ್ಲಿಟ್ಟ.

"ಇದರ ಪ್ರಕಾರ ಮಾಡಿ ಮೇಡಂ. ಇದು ನಿಮ್ಮ ಹತ್ತಿರ ಇದೆ ಅಂತ ಯಾರಿಗೂ ಹೇಳಬೇಡಿ."

ಅವರು ಪುಟ ತಿರುವಿದರು. "ಇದು ಪೆನ್ಸಿಲಿನಲ್ಲಿದೆ. ಕೆಂಪು ಪೆನ್ಸಿಲಿನಲ್ಲಿ."

"ಹೌದು."

"ನಿಮ್ಮ ಅಚ್ಚಾದ ಪುಸ್ತಕದಲ್ಲಿ ಇದಕ್ಕೆ ಉಲ್ಟಾ ಇದೆಯಲ್ಲ. ಅದು ಸರೀನಾ, ಇದು ಸರೀನಾ?"

"ಅದಕ್ಕೆ ಸಹಿ ಇದೆ. ಇದು ಕೆಲಸ ಮಾಡುತ್ತೆ."

ಅಧಿಕಾರಿ ಹೆಚ್ಚು ಕೇಳದೆ ಪುಟಗಳನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡರು. ಸರಕಾರಿ ಕಚೇರಿಯಲ್ಲಿ ಕೆಲಸ ಮಾಡಿದವರಿಗೆ ಕೆಲವು ಮಾತು ಬಿಡಿಸಿ ಹೇಳಬೇಕಾಗಿಲ್ಲ.

ಗುರುವಾರ ಮ್ಯೂಸಿಯಮ್ಮಿನ ಉದ್ಘಾಟನೆ ನಡೆಯಿತು. ಬಾಣ ಒತ್ತಿದರೆ ವರ್ಗ, ಮತ್ತೆ ಒತ್ತಿದರೆ ಉಪವರ್ಗ, ಮತ್ತೆ ಒತ್ತಿದರೆ ಜೀರುಂಡೆಗಳು, ನಲವತ್ತು ಸಾವಿರವೂ ಲೆಕ್ಕ ತಪ್ಪದೆ ಬಂದವು. ಅಧಿಕಾರಿ ಉಪಕಾರ ಮರೆಯದವರು, ಗುಟ್ಟನ್ನೂ ಬಿಟ್ಟುಕೊಡದವರು. ಆದ್ದರಿಂದ ಮ್ಯಾನೇಜರಿಗೆ ಬರೆದ ಕಾಗದದಲ್ಲಿ ಕೈಬರಹದ ವಿಷಯ ಎತ್ತಲಿಲ್ಲ. ‘ನಿಮ್ಮ ಸಂಸ್ಥೆಯ ಲೇಖಕರ ಪುಸ್ತಕದಿಂದಲೇ ನಮ್ಮ ಕೆಲಸ ಕೈಗೂಡಿತು’ ಎಂದು ಬರೆದು ಧನ್ಯವಾದ ತಿಳಿಸಿದರು. ಒಳ್ಳೆಯವರು ಮಾಡುವಷ್ಟು ಅನಾಹುತವನ್ನು ಕೆಟ್ಟವರು ಮಾಡಲಾರರು.

ಮ್ಯಾನೇಜರು ಆ ಕಾಗದವನ್ನು ಗಟ್ಟಿಯಾಗಿ ಎರಡು ಸಲ ಓದಿದರು. "ಕೇಳಿದ್ರಾ? ನಿಮ್ಮ ಪುಸ್ತಕ ಸರಿ ಇದೆ ಅಂತ ಗಿರಾಕಿಗಳೇ ಹೇಳ್ತಿದಾರೆ. ನಿಮಗೆ ಸ್ವಲ್ಪ ಸಂಕೋಚ ಜಾಸ್ತಿ. ಈಗ ಮೌನಿ ಜಾಗ ಖಾಲಿ. ಆ ಭಾಗ ಪೂರ್ತಿ ಅರ್ಥ ಆಗಿರೋರು ಅಂದ್ರೆ ನೀವೊಬ್ರೇ. ಪುಸ್ತಕಕ್ಕೆ ತಕ್ಕ ಹಾಗೆ ಟೂಲ್‌ಕಿಟ್ಟನ್ನ ತಿರುಗಿಸೋ ಜವಾಬ್ದಾರಿ ಇನ್ನು ನಿಮ್ಮದು."

"ಸಾರ್, ನನಗೆ ಪ್ರೋಗ್ರಾಂ ಬರೆಯೋಕೆ ಬರಲ್ಲ."

"ನೂರ ನಲವತ್ತಮೂರು ಪುಟ ಬರೆದೋರಿಗೆ ಇದೇನು ಮಹಾ" ಎಂದು ಒಂದು ಲಕೋಟೆ ಕೊಟ್ಟರು. ಖಾಯಂ ಆದ ಕಾಗದ. ಬೇಡ ಎನ್ನಲು ಬಾಯಿ ತೆರೆದ, ಬಾಯಿಂದ ಬಂದದ್ದು, "ಥ್ಯಾಂಕ್ಸ್ ಸಾರ್."

ಆ ಸಂಜೆ ನನ್ನ ಮನೆಗೆ ಬಂದು, ಯಾರೋ ತೀರಿಕೊಂಡ ಸುದ್ದಿ ಹೇಳುವ ದನಿಯಲ್ಲಿ, "ಅಣ್ಣ, ಖಾಯಂ ಆಯ್ತು" ಎಂದ. ಆಗಲೇ ಮೌನಿಯ ಕುರ್ಚಿಯಲ್ಲಿ ಒಂದು ಮಧ್ಯಾಹ್ನ ಕುಳಿತು ಬಂದಿದ್ದ. ಎದುರಿಗೆ ಹದಿನೆಂಟು ಸಾವಿರ ಸಾಲಿನ ಪ್ರೋಗ್ರಾಂ, ಒಂದು ಸಾಲೂ ಗೊತ್ತಾಗಲಿಲ್ಲವಂತೆ.

"ನಾಳೇನೇ ಬಿಟ್ಟುಬಿಡು" ಎಂದೆ.

"ಅವಳಿಗೆ ಏನು ಹೇಳಲಿ? ಕಾಗದ ನೋಡಿ ಅತ್ತಳು ಅಣ್ಣ, ಸಂತೋಷಕ್ಕೆ. ಪರದೆ ಬಟ್ಟೆ ತರೋಕೆ ಹೋಗಿದಾಳೆ." ತನ್ನ ಉಪಾಯ ಹೇಳಿದ. ಮೊದಲು ಮನೆ ಸೇರುವುದು. ಒಂದು ತಿಂಗಳು ಹೇಗಾದರೂ ಕುರ್ಚಿಯಲ್ಲಿ ಕುಳಿತಿರುವುದು. ಆಮೇಲೆ ಮೆಲ್ಲಗೆ ಬೇರೆ ಕಡೆ ಕೆಲಸ ನೋಡಿಕೊಂಡು, ಇಲ್ಲಿಂದ ಸದ್ದಿಲ್ಲದೆ ಜಾರಿಕೊಳ್ಳುವುದು. ಆ ಉಪಾಯ ಹೇಳುವಾಗ ಅವನ ಮುಖಕ್ಕೆ ಕೊಂಚ ಕಳೆ ಬಂತು. ನಾನೂ, ಆಗಲಿ, ಹಾಗೇ ಮಾಡು ಎಂದೆ.

ಶನಿವಾರ ಬೆಳಿಗ್ಗೆ ನಾದಿನಿ, ಗ್ರಂಥಕರ್ತ, ಮಾವನವರು, ನಾನು ನಾಲ್ವರೂ ಟೈಲರಮ್ಮನ ಮನೆಗೆ ಹೋದೆವು. ಅವಳು ಹೊಲಿಗೆ ಯಂತ್ರ ನಿಲ್ಲಿಸಿ, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಕಾಗದವನ್ನು ಹರಡಿ, ಒಂದೊಂದು ಸಾಲಿನ ಕೆಳಗೂ ಬೆರಳಿಟ್ಟು ಓದಿದಳು. ಖಾಯಂ ಎಂಬ ಮಾತು ಮೊದಲ ಪುಟದಲ್ಲೇ ಇತ್ತು; ನಾವೆಲ್ಲ ಅಲ್ಲಿಗೇ ನಿಲ್ಲಿಸಿದ್ದೆವು. ಟೈಲರಮ್ಮ ಪುಟ ಮಗುಚಿದಳು. ಹಿಂಬದಿಯಲ್ಲಿ, ಅಡಿಗೆ, ಸಣ್ಣ ಅಕ್ಷರದಲ್ಲಿ, ಗ್ರಂಥಕರ್ತನೂ ಮಾವನವರೂ ನೋಡದ ಒಂದು ಷರತ್ತು ಇತ್ತು; ಮೌನಿ ಎದ್ದುಹೋದ ಮೇಲೆ ಹೊಸದಾಗಿ ಸೇರಿಸಿದ್ದಿರಬೇಕು. ಅವಳು ಅದನ್ನು ಗಟ್ಟಿಯಾಗಿ ಓದಿದಳು.

"‘ಸದರಿ ಕೆಲಸವನ್ನು ಇನ್ನೊಬ್ಬರಿಗೆ ಪೂರ್ತಿ ಅರ್ಥವಾಗುವಂತೆ ವಿವರಿಸಿ, ಅರ್ಥವಾಯಿತೆಂದು ಅವರಿಂದ ಸಹಿ ಪಡೆಯುವವರೆಗೆ ನೌಕರರು ಕೆಲಸ ಬಿಡುವಂತಿಲ್ಲ.’"

ಗ್ರಂಥಕರ್ತ ಮೇಜಿನ ಅಂಚು ಹಿಡಿದುಕೊಂಡ. ಮಾವನವರು ಕಣ್ಣು ಮುಚ್ಚಿದರು.

ಟೈಲರಮ್ಮ ಕನ್ನಡಕದ ಮೇಲಿನಿಂದ ನೋಡಿದಳು. "ಹೀಗಂದ್ರೇನಮ್ಮ? ಇವರು ಯಾರಿಗಾದ್ರೂ ವಿವರಿಸಿಬಿಟ್ರೆ ಎದ್ದು ಹೋಗಬಹುದು ಅಂತಾನಾ?"

ನಾದಿನಿ ನಕ್ಕಳು. ಗಂಡನ ಕಡೆ ಹೆಮ್ಮೆಯಿಂದ ನೋಡುತ್ತ, "ಅಯ್ಯೋ, ಆ ಯೋಚನೆ ಬಿಡಿ" ಎಂದಳು. "ಒಂದು ವರ್ಷದಿಂದ ವಿವರಿಸ್ತಾನೇ ಇದಾರೆ. ಇವತ್ತಿನವರೆಗೂ ಒಬ್ರಿಗೂ ಅರ್ಥ ಆಗಿಲ್ಲ."

ಟೈಲರಮ್ಮನಿಗೆ ಸಮಾಧಾನವಾಯಿತು. ಒಳಗೆ ಹೋಗಿ ಬೀಗದ ಕೈ ತಂದು ಗ್ರಂಥಕರ್ತನ ಅಂಗೈಯಲ್ಲಿಟ್ಟಳು.